ಐಇಎಲ್‌ಟಿಎಸ್ ತಯಾರಿ, ದಾವಣಗೆರೆ: ಹತ್ತು ವಾರದಲ್ಲಿ ಆರನೆಯದು

ಐಇಎಲ್‌ಟಿಎಸ್ ಎಂದರೆ ಹೊರದೇಶದಲ್ಲಿ ಓದಲು, ಕೆಲಸ ಮಾಡಲು ಹೊರಟವರು ಬರೆಯುವ ಇಂಗ್ಲಿಷ್ ಪರೀಕ್ಷೆ. ಅದಕ್ಕೆ ತಯಾರಾಗುತ್ತಿರುವ ನಮ್ಮ ಗುಂಪಿಗೆ ಇರುವ ಸಮಯ ಇಷ್ಟು: ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಐದೂವರೆಯಿಂದ ಏಳು, ಭಾನುವಾರ ಮೂರು ಗಂಟೆ. ವಾರಕ್ಕೆ 12 ಗಂಟೆ, ಹತ್ತು ವಾರಕ್ಕೆ 120. ಗುಂಪಿನಲ್ಲಿ ನರ್ಸಿಂಗ್ ಮುಗಿಸಿದವರೂ ಇದ್ದಾರೆ, ಎಂಜಿನಿಯರಿಂಗ್ ಮುಗಿಸಿ ಎಂ.ಎಸ್.ಗೆ ಹೊರಟವರೂ ಇದ್ದಾರೆ.

ವಾರ 1 ಮತ್ತು 2. ಆಲಿಸುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೂ ಮೂರು ಮೂರು ಗಂಟೆ ಹಂಚಿದ್ದೆವು. ಕಾಗದದ ಮೇಲೆ ಚೆನ್ನಾಗಿ ಕಂಡ ಈ ಹಂಚಿಕೆ ಕೆಲಸಕ್ಕೆ ಬರಲಿಲ್ಲ. ಆಲಿಸುವ ಪರೀಕ್ಷೆ 30 ನಿಮಿಷದ್ದು, 40 ಪ್ರಶ್ನೆ. ಉತ್ತರಪಟ್ಟಿ ಕೈಯಲ್ಲಿರುತ್ತದೆ, ಹತ್ತು ನಿಮಿಷದಲ್ಲಿ ತಾಳೆ ನೋಡಿ ಮುಗಿಸಬಹುದು. ಪ್ರಬಂಧಕ್ಕೆ ಅಂಥ ಪಟ್ಟಿಯಿಲ್ಲ. ಬರೆದದ್ದಕ್ಕಿಂತ ಹೆಚ್ಚು ಹೊತ್ತು ತಿದ್ದಲು ಬೇಕು, ಆ ಹೊತ್ತನ್ನು ನಾವು ಎಲ್ಲೂ ಇಟ್ಟಿರಲಿಲ್ಲ. ಹೀಗಾಗಿ ಎರಡು ವಾರ ಬರೆದ ಪ್ರಬಂಧಗಳಲ್ಲಿ ಅದೇ ತಪ್ಪು ಮತ್ತೆ ಮತ್ತೆ ಬಂತು.

ವಾರ 3. ಹೊಸ ಹಂಚಿಕೆ: ಬರವಣಿಗೆ ನಾಲ್ಕೂವರೆ, ಓದು ಮೂರು, ಮಾತು ಎರಡೂವರೆ, ಆಲಿಸುವುದು ಎರಡು ಗಂಟೆ. ಎಲ್ಲರಿಗೂ ಇದೇ ಸರಿ ಎಂದಲ್ಲ. ಮೊದಲು ನಿಮಗೆ ಬೇಕಾದ ಅಂಕ ಯಾವ ಬಗೆಯದು ಎಂದು ನೋಡಬೇಕು. ಒಂಬತ್ತಕ್ಕೆ ಸರಾಸರಿ 7 ಮಾತ್ರ ಸಾಕು ಎಂದಿದ್ದರೆ 7.5, 7, 6, 6.5 ಬಂದರೂ ಆಯಿತು: ಕೂಡಿದರೆ 27, ನಾಲ್ಕರಿಂದ ಭಾಗಿಸಿದರೆ 6.75, ಅದು 7ಕ್ಕೆ ಏರುತ್ತದೆ. ಅಂಥವರು ಬೇಗ ಏರುವ ಆಲಿಸುವ ಭಾಗಕ್ಕೇ ಹೆಚ್ಚು ಸಮಯ ಕೊಟ್ಟರೂ ನಡೆಯುತ್ತದೆ. ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಹಾಗಾಗುವುದಿಲ್ಲ. ಅಲ್ಲಿ ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲೂ 7 ಪ್ರತ್ಯೇಕವಾಗಿ ಬೇಕು. ಒಂದು ಭಾಗದ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ, ಆದ್ದರಿಂದ ಹಿಂದುಳಿದ ಭಾಗಕ್ಕೇ ಗಂಟೆ ಹೋಗಬೇಕು.

ನಾಲ್ಕೂವರೆ ಗಂಟೆಯ ಬರವಣಿಗೆ ಹೀಗೆ ಖರ್ಚಾಗುತ್ತಿದೆ. ವಾರಕ್ಕೆ ಎರಡು ದೊಡ್ಡ ಪ್ರಬಂಧ: ಒಂದೊಂದಕ್ಕೆ 40 ನಿಮಿಷ ಬರೆಯಲು, 60 ನಿಮಿಷ ತಿದ್ದಲು. ಗ್ರಾಫ್ ವಿವರಣೆ ಒಂದು: 20 ನಿಮಿಷ ಬರೆಯಲು, 30 ತಿದ್ದಲು. ಉಳಿದ 20 ನಿಮಿಷದಲ್ಲಿ ಆ ವಾರದ ಅತಿ ಕೆಟ್ಟ ಪ್ಯಾರಾ ಒಂದನ್ನು ಹೊಸದಾಗಿ ಬರೆಯುವುದು. ಪರೀಕ್ಷೆಯಲ್ಲಿ ಗ್ರಾಫ್ ಮೊದಲ ಪ್ರಶ್ನೆ, ಪ್ರಬಂಧ ಎರಡನೆಯದು. ಎರಡನೇ ಪ್ರಶ್ನೆಗೆ ಮೊದಲನೆಯದರ ಎರಡರಷ್ಟು ತೂಕವಿದೆ, ಪ್ರಬಂಧಕ್ಕೆ ಹೆಚ್ಚು ಸಮಯ ಕೊಟ್ಟಿರುವುದು ಅದಕ್ಕೇ.

ತಿದ್ದುವಾಗ ಒಂದೇ ಸಲಕ್ಕೆ ಎಲ್ಲ ತಪ್ಪು ಹುಡುಕಬೇಡಿ, ಅರ್ಧ ಕಣ್ಣು ತಪ್ಪಿಸಿ ಹೋಗುತ್ತವೆ. ನಾಲ್ಕು ಸುತ್ತು ಓದಿ. ಮೊದಲ ಸುತ್ತಿನಲ್ಲಿ ‘ಎ’, ‘ಆನ್’, ‘ದ’ ಮಾತ್ರ. ಕನ್ನಡದಲ್ಲಿ ಇವಕ್ಕೆ ಸಮನಾದದ್ದು ಇಲ್ಲದ್ದರಿಂದ ಬಿಟ್ಟುಹೋದದ್ದು ನಮ್ಮ ಕಿವಿಗೆ ಕೊರತೆ ಅನ್ನಿಸುವುದೇ ಇಲ್ಲ. ಪ್ರತಿ ನಾಮಪದದ ಕೆಳಗೆ ಗೆರೆ ಎಳೆದು, ಒಂದೋ ಹಲವೋ, ಯಾವುದೋ ಒಂದೋ ಗೊತ್ತಿರುವುದೋ ಎಂದು ಕೇಳಿಕೊಳ್ಳಬೇಕು. ಎರಡನೇ ಸುತ್ತು ಕ್ರಿಯಾಪದದ ಕೊನೆಯ ‘ಎಸ್’. ಮೂರನೆಯದು ವಿಭಕ್ತಿಯ ಜಾಗದಲ್ಲಿ ಬರುವ ಚಿಕ್ಕ ಪದಗಳು. ‘ಡಿಸ್ಕಸ್ ಅಬೌಟ್’ ‘ಬಗ್ಗೆ ಚರ್ಚಿಸು’ ಎಂಬುದರ ನೇರ ನಕಲು, ಅಲ್ಲಿ ‘ಅಬೌಟ್’ ಬೇಡ. ಕೊನೆಯ ಸುತ್ತು ವಾಕ್ಯದಿಂದ ವಾಕ್ಯಕ್ಕೆ ವಿಚಾರ ಸಾಗಿದೆಯೇ ಎಂಬುದು.

ಬಾಯಿಪಾಠದ ಪ್ರಬಂಧ ಬೇಡವೇ ಬೇಡ. ಪರೀಕ್ಷಕರಿಗೆ ಗೊತ್ತಾಗುತ್ತದೆ, ಅಂಕ ಇಳಿಯುತ್ತದೆ. ಅದಕ್ಕೆ ಸುರಿಯುವ ಗಂಟೆಗಳು ಪೂರ್ತಿ ನಷ್ಟ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಗ್ರಾಫ್ ಅಭ್ಯಾಸಕ್ಕೆ ಸಾಮಗ್ರಿ ಊರಲ್ಲೇ ಇದೆ. ಭದ್ರಾ ಜಲಾಶಯದ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. ಗರಿಷ್ಠ 186 ಅಡಿ. ಪಕ್ಕದ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರಕ್ಕೆ 130 ಅಡಿ. ಎರಡರ ಒಂದು ತಿಂಗಳ ಮಟ್ಟವನ್ನು ಗೆರೆಚಿತ್ರ ಮಾಡಿ 150 ಪದ ಬರೆದರೆ ಏರಿತು, ಇಳಿಯಿತು, ಸ್ಥಿರವಾಗಿತ್ತು ಎಂಬುದಕ್ಕೆಲ್ಲ ಪದ ಸಿಗುತ್ತದೆ. ದಿನ ದಿನದ ಅಂಕಿಯನ್ನೂ ಬರೆಯುವುದು ಇಲ್ಲಿ ಆಗುವ ತಪ್ಪು. ಒಟ್ಟಾರೆ ಏನು ಕಾಣುತ್ತಿದೆ ಎಂಬ ಎರಡು ವಾಕ್ಯ ಇರಲೇಬೇಕು. ಪ್ರಕ್ರಿಯೆಯ ಚಿತ್ರಕ್ಕೆ ಮಂಡಕ್ಕಿ ಭಟ್ಟಿಗಿಂತ ಒಳ್ಳೆಯ ವಿಷಯ ಬೇಕೇ? ಅಕ್ಕಿಗೆ ಉಪ್ಪುನೀರು ಹಿಡಿಸಲಾಗುತ್ತದೆ, ಕಾದ ಮರಳಿನಲ್ಲಿ ಹುರಿಯಲಾಗುತ್ತದೆ, ಜರಡಿ ಹಿಡಿಯಲಾಗುತ್ತದೆ: ಕರ್ಮಣಿ ಪ್ರಯೋಗ ತಾನಾಗಿಯೇ ಕೂರುತ್ತದೆ.

ವಾರ 4, ಓದು. 60 ನಿಮಿಷ, ಮೂರು ಪಾಠ, 40 ಪ್ರಶ್ನೆ. ಉತ್ತರ ಇಳಿಸಿಕೊಳ್ಳಲು ಬೇರೆ ಸಮಯವಿಲ್ಲ. ಪಾಠ ಬರಬರುತ್ತಾ ಕಷ್ಟವಾಗುವುದರಿಂದ 20 ನಿಮಿಷದಂತೆ ಸಮ ಮಾಡುವ ಬದಲು 17, 20, 23 ಎಂದು ಇಟ್ಟೆವು. ಹೆಚ್ಚು ಅಂಕ ಹೋಗುತ್ತಿರುವುದು ಸರಿ, ತಪ್ಪು, ಹೇಳಿಲ್ಲ ಎಂಬ ಪ್ರಶ್ನೆಗಳಲ್ಲಿ. ದುರ್ಗದ ಕೋಟೆಗೆ ಏಳು ಸುತ್ತು ಎಂದು ಪಾಠದಲ್ಲಿದೆ ಎನ್ನಿ. ಐದು ಸುತ್ತು ಎಂದರೆ ಅದು ತಪ್ಪು. ಏಳನೇ ಸುತ್ತನ್ನು ಕೊನೆಗೆ ಕಟ್ಟಿದರು ಎಂದರೆ ಹೇಳಿಲ್ಲ, ನಿಮಗೆ ಕೋಟೆಯ ಬಗ್ಗೆ ಎಷ್ಟೇ ತಿಳಿದಿರಲಿ. ಅಕಾಡೆಮಿಕ್, ಅಂದರೆ ಉನ್ನತ ವ್ಯಾಸಂಗಕ್ಕೆ ಹೋಗುವವರು ಬರೆಯುವ ಬಗೆಯ ಓದಿನಲ್ಲಿ 40ಕ್ಕೆ 23 ಸರಿಯಾದರೆ ಸುಮಾರು 6, 30 ಆದರೆ ಸುಮಾರು 7.

ಆಲಿಸುವುದಕ್ಕೆ ಎರಡು ಗಂಟೆ ಸಾಕಾಗಿದೆ. ಧ್ವನಿ ಒಂದೇ ಸಲ ಕೇಳಿಸುತ್ತದೆ ಎಂಬುದನ್ನು ಅಭ್ಯಾಸದಲ್ಲೂ ಮುರಿಯಬೇಡಿ. ತಪ್ಪಾದ ಕಡೆ ಮಾತ್ರ ಆಮೇಲೆ ಮತ್ತೆ ಹಾಕಿ, ಕೇಳಿದ್ದನ್ನು ಅಕ್ಷರಶಃ ಬರೆಯಿರಿ. ‘ಡಬಲ್ ಫೋರ್’ ಎಂಬ ಸಂಖ್ಯೆ, ಬಹುವಚನದ ‘ಎಸ್’, ಎರಡೇ ಪದ ಎಂದಿರುವಲ್ಲಿ ಮೂರು ಬರೆಯುವುದು, ಕಳೆದ ಅಂಕವೆಲ್ಲ ಹೆಚ್ಚುಕಡಿಮೆ ಇಷ್ಟೇ.

ವಾರ 5 ಮತ್ತು 6, ಮಾತು. ಎರಡೂವರೆ ಗಂಟೆಯನ್ನು ಒಂದೇ ದಿನ ಕೂರದೆ 25 ನಿಮಿಷದಂತೆ ಆರು ದಿನಕ್ಕೆ ಒಡೆದೆವು. ವಿಷಯ ಬರೆದ ಒಂದು ಚೀಟಿ, ಒಂದು ನಿಮಿಷ ತಯಾರಿ, ಎರಡು ನಿಮಿಷ ಮಾತು, ಫೋನಿನಲ್ಲಿ ಧ್ವನಿಮುದ್ರಣ. ತಯಾರಿಯಲ್ಲಿ ವಾಕ್ಯ ಬರೆಯಬೇಡಿ, ಆರು ಪದ ಸಾಕು. ಬೆಣ್ಣೆ ದೋಸೆಯ ಚೀಟಿಯಲ್ಲಿ ಎಲ್ಲರೂ ಮುಕ್ಕಾಲು ನಿಮಿಷಕ್ಕೆ ನಿಂತರು, ‘ರುಚಿಯಾಗಿದೆ’ ಎಂಬುದರಾಚೆ ಪದ ಇರಲಿಲ್ಲ. ಯಾರು, ಎಲ್ಲಿ, ಹೇಗೆ, ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಒಡೆದುಕೊಂಡ ಮೇಲೆ ಎರಡು ನಿಮಿಷ ತುಂಬಿತು. ಉಚ್ಚಾರದಲ್ಲಿ ಕನ್ನಡದ ಛಾಯೆಗೆ ಅಂಕ ಕಡಿತವಿಲ್ಲ, ಅರ್ಥವಾಗದಿದ್ದರೆ ಇದೆ. ‘ಎನಿ’ಯನ್ನು ‘ಯೆನಿ’, ‘ಓನ್ಲಿ’ಯನ್ನು ‘ವೋನ್ಲಿ’ ಎನ್ನುವುದು, ಪದದ ಕೊನೆಗೆ ಉಕಾರ ಸೇರಿಸುವುದು, ಇವನ್ನು ಧ್ವನಿಮುದ್ರಣದಲ್ಲಿ ಗುರುತು ಹಾಕಿ ದಿನಕ್ಕೊಂದರಂತೆ ತಿದ್ದುತ್ತಿದ್ದೇವೆ.

ವಾರ 7ರಿಂದ ಭಾನುವಾರದ ಮೂರು ಗಂಟೆ ಪೂರ್ತಿ ಮಾದರಿ ಪರೀಕ್ಷೆಗೆ: ಆಲಿಸುವುದು, ಓದು, ಬರವಣಿಗೆ ನಡುವೆ ಏಳದೆ, ಆಲಿಸಿದ ಮೇಲೆ ಉತ್ತರಪತ್ರಿಕೆಗೆ ಉತ್ತರ ಇಳಿಸುವ 10 ನಿಮಿಷ ಸೇರಿ 2 ಗಂಟೆ 40 ನಿಮಿಷ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಆ 10 ನಿಮಿಷ ಸಿಗುವುದಿಲ್ಲ, ಪರಿಶೀಲನೆಗೆ ಎರಡೇ ನಿಮಿಷ. ಅವರು ಮನೆಯಲ್ಲೂ ಕೀಬೋರ್ಡಿನಲ್ಲೇ ಬರೆಯಬೇಕು. ಸೋಮವಾರ ಮತ್ತು ಮಂಗಳವಾರ ಹೊಸದೇನೂ ಬರೆಯದೆ ಭಾನುವಾರದ್ದನ್ನೇ ತಿದ್ದುವುದು. ಅದಕ್ಕಾಗಿ ವಾರದ ಎರಡು ಪ್ರಬಂಧದಲ್ಲಿ ಒಂದನ್ನು ಕೈಬಿಟ್ಟಿದ್ದೇವೆ.