ಈ ಬೇಸಿಗೆ ನಾನೂ ನೀರಿಗಿಳಿದೆ

ಮಗಳಿಗೆ ಬೆಳಗ್ಗೆ ಆರಕ್ಕೆ ಬ್ಯಾಡ್ಮಿಂಟನ್ ಕ್ಯಾಂಪ್. ಮಗನಿಗೆ ಎಂಟಕ್ಕೆ ಈಜು. ಹತ್ತು ಗಂಟೆಗೆ ಮನೆಗೆ ಬಂದರೆ ನಾದಿನಿಯ ಇಬ್ಬರು ಹುಡುಗರು ಆಗಷ್ಟೇ ಎದ್ದು, ‘ಅತ್ತೆ, ಇವತ್ತು ಎಲ್ಲಿಗೆ?’ ಎಂದು ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಇವರಿಗೆ ಆಫೀಸಿಗೆ ರಜೆ ಇಲ್ಲ, ಶನಿವಾರ ಭಾನುವಾರ ಬಂದುಹೋಗುವ ನೆಂಟರು. ಸ್ಕೂಟರಿನ ಕೀಲಿ ತಿಂಗಳಿಡೀ ನನ್ನ ಹತ್ತಿರವೇ ಇತ್ತು. ಯಾರಿಗೆ ಎಷ್ಟೊತ್ತಿಗೆ ಎಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಅದರಲ್ಲಿ ಎಲ್ಲರ ಹೆಸರೂ ಇತ್ತು, ನನ್ನದೊಂದು ಬಿಟ್ಟು. ಅದನ್ನು ಗಮನಿಸಿದವಳು ಮಗಳು. ‘ಅಮ್ಮಾ, ನಿನ್ನ ಕಾಲಂ ಎಲ್ಲಿ?’ ಅಂದಳು. ಹೋಗುವುದು, ಬರುವುದು, ಕಾಯುವುದು, ಇದಕ್ಕೆಲ್ಲ ಯಾರಾದರೂ ಕಾಲಂ ಹಾಕುತ್ತಾರೆಯೇ?

ಕಾಯುವುದರ ಬಗ್ಗೆ ನಾನು ಚೆನ್ನಾಗಿ ಬಲ್ಲೆ. ಪ್ರತಿ ಬೇಸಿಗೆಯಲ್ಲೂ ಮೈದಾನದ ಕಟ್ಟೆ, ಕೋರ್ಟಿನ ಬೆಂಚು, ಕೊಳದ ಮೆಟ್ಟಿಲು ಅಂತ ಎಲ್ಲೆಲ್ಲೋ ಕೂತು ಬೇರೆಯವರ ಬೆವರು ನೋಡಿದ್ದೇನೆ. ಅದರಲ್ಲೂ ಒಂದು ಲಾಭ ಇದೆ ಅನ್ನಿ, ಸುಮ್ಮನೆ ಕೂತವರಿಗೆ ಕಾಣುವುದು ಜಾಸ್ತಿ. ಬ್ಯಾಡ್ಮಿಂಟನ್ ಕ್ಯಾಂಪಿನ ಮೊದಲ ಕೆಲವು ದಿನ ಕೋಚ್ ಮಕ್ಕಳ ಕೈಗೆ ಶಟಲ್ಲನ್ನೇ ಕೊಡಲಿಲ್ಲ. ಬರೀ ಕಾಲಿನ ಕೆಲಸ. ಕೋರ್ಟಿನ ನಡುವೆ ನಿಂತು, ಸಣ್ಣಗೆ ಒಂದು ಹಾರು ಹಾರಿ, ಮೂಲೆಗೆ ಓಡಿ, ಗಾಳಿಗೆ ಒಂದು ಹೊಡೆತ ಹೊಡೆದು ವಾಪಸ್ ನಡುವಿಗೆ. ಪಕ್ಕದಲ್ಲಿ ಕೂತಿದ್ದ ಒಬ್ಬ ತಂದೆಗೆ ಕೋಪ. ‘ದುಡ್ಡು ಕೊಟ್ಟಿರೋದು ಕುಣಿಯೋಕಾ?’ ನನಗೆ ಆ ಕುಣಿತವೇ ಇಷ್ಟವಾಯಿತು. ಎದುರಾಳಿ ಹೊಡೆಯುವ ಹೊತ್ತಿಗೆ ಸರಿಯಾಗಿ ಆ ಪುಟ್ಟ ಹಾರು ಹಾರಿ ಎರಡೂ ಕಾಲಿನ ಮೇಲೆ ಇಳಿದರೆ, ಯಾವ ದಿಕ್ಕಿಗೆ ಬೇಕಾದರೂ ಚಿಮ್ಮಬಹುದು. ಹಾರದೆ ನಿಂತವರು ಎಡಕ್ಕೋ ಬಲಕ್ಕೋ ಎಂದು ಲೆಕ್ಕ ಹಾಕುವಷ್ಟರಲ್ಲಿ ಶಟಲ್ ನೆಲದಲ್ಲಿರುತ್ತದೆ.

ಮುರಿದ ಶಟಲ್‌ಗಳನ್ನು ಮಗಳು ಮನೆಗೆ ತರುತ್ತಿದ್ದಳು. ಒಂದನ್ನು ಬಿಡಿಸಿ ನೋಡಿದೆವು. ಬಾತು ಜಾತಿಯ ಹಕ್ಕಿಯ 16 ಗರಿ, ಒಂದರ ಮೇಲೊಂದು ಅರ್ಧರ್ಧ ಹೊದ್ದುಕೊಂಡಂತೆ ಬಿರಡೆಗೆ ಚುಚ್ಚಿ, ದಾರ ಸುತ್ತಿ ಅಂಟು ಹಾಕಿರುತ್ತಾರೆ. ಎಲ್ಲ ಸೇರಿ ತೂಕ 5 ಗ್ರಾಂ ಆಸುಪಾಸು, ನಿಯಮದ ಪ್ರಕಾರ 4.74ರಿಂದ 5.50 ಗ್ರಾಂ ಒಳಗೆ. ಹೇಗೆ ಹೊಡೆದರೂ ಬಿರಡೆಯೇ ಮುಂದಾಗಿ ತಿರುಗಿಕೊಳ್ಳುತ್ತದೆ, ಗರಿಗಳು ಗಾಳಿಯನ್ನು ತಡೆದು ವೇಗ ಇಳಿಸುತ್ತವೆ. ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದ್ದಾರೆ ಎಂದಾಗ ನಾದಿನಿಯ ದೊಡ್ಡ ಮಗ ನಂಬಲೇ ಇಲ್ಲ. ‘ಅಷ್ಟು ಜೋರಾಗಿ ಹೋದ್ರೆ ಗೋಡೆ ತೂತಾಗಲ್ವಾ?’ ಆ ವೇಗ ರಾಕೆಟ್ಟನ್ನು ಬಿಟ್ಟ ಕ್ಷಣದ್ದು, ಎದುರಿನ ಅಂಕಣ ಮುಟ್ಟುವಷ್ಟರಲ್ಲಿ ಗಾಳಿ ಬಹುಪಾಲನ್ನು ತಿಂದುಹಾಕಿರುತ್ತದೆ ಎಂದು ಮಗಳು ವಿವರಿಸಿದಳು. ಕ್ಯಾಂಪಿನ ಕೊನೆಯ ಪಂದ್ಯದಲ್ಲಿ ಅವಳು 20-20ರ ತನಕ ಹೋಗಿ 22-20ಕ್ಕೆ ಸೋತಳು. ಮನೆಗೆ ಬರುವ ದಾರಿಯಲ್ಲಿ ಮಾತಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ, ‘ಆ ಕೊನೇ ಸರ್ವ್ ಶಾರ್ಟ್ ಹಾಕ್ಬೇಕಿತ್ತು’ ಅಂದಳು. ನಾನು ಏನೂ ಹೇಳಲಿಲ್ಲ. ನನಗೂ ಹಾಗೇ ಅನಿಸಿತ್ತು.

ಈಜಿನ ವಿಷಯಕ್ಕೆ ಬರುತ್ತೇನೆ, ಈ ಬರಹಕ್ಕೆ ಕೂತದ್ದೇ ಅದಕ್ಕೆ.

ಪುಟ್ಟನನ್ನು ಈಜಿಗೆ ಹಾಕಿದ್ದು ನನ್ನ ಹಟ. ನೀರಿಗೆ ಬಿದ್ದು ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಡುತ್ತದೆ, ಅದರಲ್ಲಿ ಮಕ್ಕಳ ಪಾಲು ದೊಡ್ಡದು. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವುದೂ ಇಲ್ಲ. ಬಾಯಿ ನೀರಿನ ಮೇಲೆ ಬರುವುದೇ ಅರೆಗಳಿಗೆ, ಅಷ್ಟರಲ್ಲಿ ಉಸಿರೆಳೆಯಬೇಕು. ಕೂಗಲು ಉಸಿರೆಲ್ಲಿ? ದಡದಲ್ಲಿ ಹತ್ತು ಜನ ದೊಡ್ಡವರಿದ್ದೂ ಯಾರಿಗೂ ಗೊತ್ತಾಗದೇ ಹೋಗುವುದು ಇದಕ್ಕೇ. ಇಷ್ಟೆಲ್ಲ ತಿಳಿದುಕೊಂಡು ಮಗನನ್ನು ನೀರಿಗಿಳಿಸಿ, ನಾನು ಮೆಟ್ಟಿಲ ಮೇಲೆ ಟವೆಲ್ ಹಿಡಿದು ಕೂತಿದ್ದೆ. ಅವನಿಗೇನಾದರೂ ಆದರೆ ಈಜು ಬಾರದ ನಾನು ಮಾಡುವುದೇನು? ಒಂದು ದಿನ ಕೋಚ್ ಮೇಡಂ ನೇರವಾಗಿಯೇ ಕೇಳಿದರು. ‘ಅದೇ ಹೊತ್ತಲ್ಲಿ ದೊಡ್ಡವರ ಬ್ಯಾಚೂ ಇದೆ. ದಿನಾ ಸುಮ್ನೆ ಕೂತಿರ್ತೀರಲ್ಲ, ಇಳೀರಿ.’

ನಲವತ್ತಾದ ಮೇಲೆ ನೀರಿಗಿಳಿಯುವುದಕ್ಕೆ ಭಯ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಪುಟ್ಟನಿಗಂತೂ ನನ್ನ ಟೋಪಿ ನೋಡಿ ನಗು ತಡೆಯಲಾಗಲಿಲ್ಲ. ಮೊದಲ ಪಾಠ ಕಂಬಿ ಹಿಡಿದು ಮುಖ ಮುಳುಗಿಸಿ ಗುಳುಗುಳು ಗುಳ್ಳೆ ಬಿಡುವುದು. ಉಸಿರು ಬಿಗಿಹಿಡಿಯುವುದೇ ಈಜು ಎಂದುಕೊಂಡಿದ್ದೆ. ಹಾಗಲ್ಲವಂತೆ, ಬಿಡುವುದು ನೀರೊಳಗೆ, ಎಳೆದುಕೊಳ್ಳುವುದು ಹೊರಗೆ. ಒಳಗೆ ಪೂರ್ತಿ ಬಿಡದೆ ಮೇಲೆ ಬಂದರೆ ಹೊಸ ಗಾಳಿಗೆ ಜಾಗವೇ ಇರುವುದಿಲ್ಲ, ಎರಡು ಸಲಕ್ಕೇ ಏದುಸಿರು.

ಆಮೇಲೆ ಅಂಗಾತ ತೇಲುವುದು. ಮೇಡಂ ಕುತ್ತಿಗೆಯ ಕೆಳಗೆ ಅಂಗೈ ಇಟ್ಟು, ‘ಹೊಟ್ಟೆ ಮೇಲೆತ್ತಿ, ಆಕಾಶ ನೋಡಿ’ ಅನ್ನುತ್ತಿದ್ದರು. ನನ್ನ ಕಾಲು ಮಾತ್ರ ನಿಧಾನವಾಗಿ ಕೆಳಗೆ ಹೋಗುತ್ತಿತ್ತು, ಅದರ ಹಿಂದೆಯೇ ನಾನೂ. ಇದಕ್ಕೆ ಕಾರಣ ಇದೆ. ಗಾಳಿ ತುಂಬಿದ ಶ್ವಾಸಕೋಶ ಎದೆಯಲ್ಲಿದೆ, ಹಾಗಾಗಿ ನೀರು ನಮ್ಮನ್ನು ಮೇಲೆ ತಳ್ಳುವುದು ಹೆಚ್ಚು ಕಡಿಮೆ ಎದೆಯ ಹತ್ತಿರ. ಮೈಯ ಭಾರದ ನಡುಬಿಂದು ಇರುವುದು ಸೊಂಟದ ಹತ್ತಿರ. ಒಂದು ಮೇಲೆ ಎಳೆದು ಇನ್ನೊಂದು ಕೆಳಗೆ ಎಳೆದರೆ ಮೈ ತಿರುಗಲೇಬೇಕು, ಕಾಲು ಮುಳುಗಲೇಬೇಕು. ಪರಿಹಾರ ಸುಲಭದ್ದು. ಎರಡೂ ಕೈಗಳನ್ನು ತಲೆಯಾಚೆ ನೀಳವಾಗಿ ಚಾಚಿದರೆ ಭಾರದ ಬಿಂದು ಎದೆಯ ಕಡೆಗೆ ಸರಿದು ಕಾಲು ತಾನಾಗಿ ಮೇಲೇಳುತ್ತದೆ. ಹಾಗೆ ಮಾಡಿದ ದಿನ ಮೇಡಂ ಯಾವಾಗ ಕೈ ತೆಗೆದರೋ ನನಗೆ ಗೊತ್ತೇ ಆಗಲಿಲ್ಲ. ಕಿವಿ ನೀರಿನಲ್ಲಿದ್ದದ್ದರಿಂದ ಪುಟ್ಟ ದಡದಿಂದ ‘ಅಮ್ಮಾ, ಅಮ್ಮಾ’ ಎಂದು ಕೂಗಿದ್ದೂ ಕೇಳಲಿಲ್ಲ. ಇಡೀ ತಿಂಗಳಲ್ಲಿ ನಾನು ಆ ಕೂಗಿಗೆ ಓಗೊಡದಿದ್ದದ್ದು ಅಲ್ಲಿ ಮಾತ್ರ. (ಕೂಗಿದ್ದು ಕನ್ನಡಕ ಎಲ್ಲಿಟ್ಟಿದ್ದೀಯ ಎಂದು ಕೇಳಲು. ಕನ್ನಡಕ ಅವನ ಹಣೆಯ ಮೇಲೇ ಇತ್ತು.)

ಕೊಳದ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಕಣ್ಣು ಕೆಂಪಾಗುವುದಕ್ಕೆ, ಮೂಗಿಗೆ ಘಾಟು ಹೊಡೆಯುವುದಕ್ಕೆ ಕ್ಲೋರಿನ್ ಹೆಚ್ಚು ಸುರಿದದ್ದೇ ಕಾರಣ ಅಂತ ಮೆಟ್ಟಿಲ ಮೇಲಿನ ಸಭೆಯಲ್ಲಿ ಎಲ್ಲರೂ ಹೇಳುತ್ತಾರೆ. ನಿಜ ಅಷ್ಟು ಸರಳವಲ್ಲ. ಕ್ಲೋರಿನ್ನು ಬೆವರು, ಮೂತ್ರದ ಜೊತೆ ಬೆರೆತು ಕ್ಲೋರಮೈನ್ ಆಗುತ್ತದೆ, ಆ ಘಾಟು ಬಹುಪಾಲು ಅದರದ್ದು. ಇಳಿಯುವ ಮುಂಚೆ ಸ್ನಾನ ಮಾಡಿ ಎಂಬ ಬೋರ್ಡು ಇರುವುದು ಇದಕ್ಕೇ. ಇದನ್ನು ತಿಳಿದ ಮೇಲೆ ನಮ್ಮ ಮಕ್ಕಳು ಬ್ಯಾಚಿನ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡತೊಡಗಿದರು.

ಮಧ್ಯಾಹ್ನಗಳು ಕೇರಂಗೆ ಮೀಸಲು. ಬಿಸಿಲಲ್ಲಿ ಹೊರಗೆ ಬಿಡುವಂತಿರಲಿಲ್ಲ, ಟಿವಿ ಹಾಕಲು ಮಾವ ಬಿಡುವುದಿಲ್ಲ. ಮಾವನವರದು ಬೆರಳಿನ ಆಟಕ್ಕಿಂತ ನಿಯಮದ ಆಟ. ಬೋರ್ಡಿಗೆ ಪೌಡರ್ ಹಾಕುವುದರಿಂದ ಹಿಡಿದು ಮೊಣಕೈ ಎಲ್ಲಿರಬೇಕು ಎನ್ನುವವರೆಗೆ ಅವರದೇ ತೀರ್ಪು. ಒಂದು ಸಲ ಅವರು 22 ಅಂಕದಲ್ಲಿದ್ದಾಗ ರೆಡ್ ಹಾಕಿ, ಫಾಲೋ ಕೂಡ ಹಾಕಿ, ಬೋರ್ಡು ಮುಗಿಸಿ ಕೈ ಒರೆಸಿಕೊಂಡರು. ಹುಡುಗರ ಕಾಯಿ ಉಳಿದಿದ್ದದ್ದು ಎರಡೇ. ಎರಡಕ್ಕೆ ರೆಡ್ಡಿನ ಮೂರು ಸೇರಿಸಿ 27, ಆಟ ಮುಗಿಯಿತು ಎಂದರು. ನಾದಿನಿಯ ಚಿಕ್ಕ ಮಗ ಅಲ್ಲಾಡಲಿಲ್ಲ. ‘ಇಲ್ಲ ಅಜ್ಜ, 22 ಆದ್ಮೇಲೆ ರೆಡ್ಡಿಗೆ ಪಾಯಿಂಟ್ ಇಲ್ಲ. ನೀವೇ ಹೇಳಿದ್ದು.’ ಅಂದರೆ 24. ಆಟ 25ಕ್ಕೆ. ಮಾವ ನನ್ನ ಕಡೆ ತಿರುಗಿ, ‘ನೋಡಮ್ಮ, ಹೌದೇನು?’ ಎಂದರು, ನಾನು ಉಳಿಸುತ್ತೇನೆ ಅನ್ನುವ ಧೈರ್ಯದಲ್ಲಿ. ‘ಹೌದು ಮಾವ, ನೀವೇ ಹೇಳಿದ್ದು’ ಅಂದೆ. ಮುಂದಿನ ಬೋರ್ಡಿನಲ್ಲಿ ಹುಡುಗರು ಅವರನ್ನು ಸೋಲಿಸಿದರು. ಸಂಜೆಯವರೆಗೂ ಪೇಪರಿನ ಹಿಂದೆಯೇ ಇದ್ದರು ಮಾವ.

ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋದದ್ದು, ಕ್ಯೂ ನೋಡಿ ಅರ್ಧಕ್ಕೆ ವಾಪಸ್ ಬಂದದ್ದು, ಮೃಗಾಲಯದಲ್ಲಿ ಎಲ್ಲ ಪ್ರಾಣಿಗಳೂ ನಿದ್ದೆ ಮಾಡುತ್ತಿದ್ದದ್ದು, ಇವನ್ನೆಲ್ಲ ಬಿಡುತ್ತೇನೆ. ಬೆಟ್ಟ ಹತ್ತಿದ್ದನ್ನು ಹೇಳಬಹುದು.

ಕತ್ತಲಿರುವಾಗಲೇ ಹೊರಟು, ಸೂರ್ಯ ಬರುವಷ್ಟರಲ್ಲಿ ಅರ್ಧ ಹತ್ತಿದ್ದೆವು. ಬೆಟ್ಟದ ಮೇಲೆ ತಂಪಿರುತ್ತದೆ ಎಂದು ಆಸೆ ತೋರಿಸಿ ಹುಡುಗರನ್ನು ಎಬ್ಬಿಸಿದ್ದು ಇವರು. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ, ನಿಜ. ನಾವು ಏರಿದ್ದು ಅದರ ಕಾಲುಭಾಗವೂ ಇರಲಿಲ್ಲ. ‘ಎಲ್ಲಪ್ಪಾ ತಂಪು?’ ಎಂದು ಪ್ರತಿ ತಿರುವಿನಲ್ಲೂ ಪುಟ್ಟ ಕೇಳಿದ. ಹತ್ತುವಾಗ ಎಲ್ಲರೂ ಉಸ್ಸೆಂದರು, ಇಳಿಯುವಾಗ ಹಾಡು, ಓಟ, ಪಂದ್ಯ. ಅದರ ಬಾಕಿ ಮಾರನೆಯ ದಿನ ತೀರಿಸಬೇಕಾಯಿತು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ಹಿಡಿದು ನಿಲ್ಲಿಸಬೇಕು, ಸ್ನಾಯುವಿನ ಎಳೆಗಳಿಗೆ ಸಣ್ಣ ಪೆಟ್ಟು ಬೀಳುವುದು ಆ ಕೆಲಸದಲ್ಲೇ. ನೋವು ತಕ್ಷಣ ಬರುವುದಿಲ್ಲ, ಒಂದೆರಡು ದಿನ ಕಳೆದು ಏರುತ್ತದೆ. ಮನೆಯ ಮೆಟ್ಟಿಲನ್ನು ಎಲ್ಲರೂ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆವು. ಬೆಟ್ಟಕ್ಕೆ ಬಾರದೆ ಮನೆಯಲ್ಲೇ ಉಳಿದಿದ್ದ ಮಾವ ಮಾತ್ರ ಎರಡೆರಡು ಸಲ ಸುಮ್ಮಸುಮ್ಮನೆ ಮಹಡಿ ಹತ್ತಿ ಇಳಿದರು. ಕೇರಂನ ಸೇಡು.

ನೋವಿದ್ದದ್ದರಿಂದ ಆ ರಾತ್ರಿ ಎಲ್ಲಿಗೂ ಹೋಗದೆ ತಾರಸಿಯ ಮೇಲೆ ಚಾಪೆ ಹಾಸಿ ಮಲಗಿದೆವು. ಸಪ್ತರ್ಷಿ ಮಂಡಲ ಸಿಕ್ಕಿದರೆ ಉಳಿದದ್ದು ಸುಲಭ. ಅದರ ಬಾಲದ ಬಾಗನ್ನೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಹೋದರೆ ನೀಲಿ ಛಾಯೆಯ ಚಿತ್ತಾ. ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಅಂಟಿದಂತೆ ಸಣ್ಣಗೆ ಅರುಂಧತಿ. ಮಕ್ಕಳು ನಾಲ್ವರಿಗೂ ಎರಡು ಚುಕ್ಕಿ ಕಂಡವು, ನನಗೂ ಇವರಿಗೂ ಒಂದೇ. ದೂರದರ್ಶಕದಲ್ಲಿ ಬಿಡಿಸುತ್ತಾ ಹೋದರೆ ಆ ಜೋಡಿಯಲ್ಲಿ ಒಟ್ಟು ಆರು ನಕ್ಷತ್ರಗಳಿವೆ ಎಂದು ಮಗಳು ಓದಿಕೊಂಡಿದ್ದಳು. ಸ್ವಾತಿಯ ದೂರ 37 ಜ್ಯೋತಿರ್ವರ್ಷ. ಪುಟ್ಟ ಬೆರಳು ಮಡಿಸಿ ಲೆಕ್ಕ ಹಾಕಿ, ‘ಅಮ್ಮಾ, ಈ ಬೆಳಕು ಹೊರಟಾಗ ನೀನು ನನಗಿಂತ ಚಿಕ್ಕೋಳು!’ ಎಂದ. ಆ ವಯಸ್ಸಿನ ನನ್ನನ್ನು ಊಹಿಸಿಕೊಂಡು ಅವನಿಗೆ ಬಹಳ ಹೊತ್ತು ನಗು. ಆಗಲೂ ಟೋಪಿ ಹಾಕ್ತಿದ್ದೆಯಾ ಎಂದು ಬೇರೆ ಕೇಳಿದ.

ತಿಂಗಳು ಮುಗಿಯುತ್ತಾ ಬಂದಾಗ ಗೆಳತಿಯೊಬ್ಬಳು ಫೋನ್ ಮಾಡಿ, ಮಗುವನ್ನು ಎಷ್ಟು ಕ್ಯಾಂಪಿಗೆ ಹಾಕಲಿ ಎಂದು ಕೇಳಿದಳು. ಒಂದು ಸಾಕು ಅಂದೆ, ಅದೂ ಬೆಳಗಿನದು. ಮಧ್ಯಾಹ್ನ ಖಾಲಿ ಬಿಟ್ಟರೆ ಮಕ್ಕಳು ಒಂದು ಗಂಟೆ ಬೇಜಾರು ಬೇಜಾರು ಎಂದು ಜೀವ ತಿನ್ನುತ್ತಾರೆ, ಆಮೇಲೆ ಏನಾದರೊಂದು ಹುಡುಕಿಕೊಳ್ಳುತ್ತಾರೆ. ಆ ಒಂದು ಗಂಟೆ ತಡೆದುಕೊಳ್ಳಬೇಕಾದವರು ನಾವು. ಮತ್ತೆ, ನೀನೂ ಯಾವುದಾದರೊಂದಕ್ಕೆ ಸೇರಿಕೋ ಅಂದೆ. ಅವಳಿಗೆ ತಮಾಷೆಯಾಗಿ ಕೇಳಿಸಿರಬೇಕು.

ನಾದಿನಿ ಹುಡುಗರನ್ನು ಕರೆದುಕೊಂಡು ಹೊರಟಳು. ಕ್ಯಾಂಪುಗಳು ಮುಗಿದವು. ಪುಟ್ಟ ಈಗ 25 ಮೀಟರನ್ನು ನಿಲ್ಲದೆ ಈಜುತ್ತಾನೆ. ನಾನು ಅದರ ಅರ್ಧದಲ್ಲಿ ಕಂಬಿ ಹುಡುಕುತ್ತೇನೆ. ಶಾಲೆ ಶುರುವಾದ ಮೇಲೂ ಬರುತ್ತೇನೆ ಎಂದು ದೊಡ್ಡವರ ಬೆಳಗಿನ ಬ್ಯಾಚಿಗೆ ಹೆಸರು ಕೊಟ್ಟಿದ್ದೇನೆ. ಆ ಹೊತ್ತಿಗೆ ಮಕ್ಕಳನ್ನು ಎಬ್ಬಿಸಿ ಹೊರಡಿಸುವುದು ಇವರ ಪಾಲಿಗೆ ಬಂದಿದೆ, ಸ್ಕೂಟರಿನ ಕೀಲಿಯನ್ನಂತೂ ಕೊಡುವುದಿಲ್ಲ ಎಂದು ಹೇಳಿದ್ದೇನೆ. ಫ್ರೀಸ್ಟೈಲಿನಲ್ಲಿ ಪಕ್ಕಕ್ಕೆ ತಿರುಗಿ ಉಸಿರೆಳೆಯುವುದು ಇನ್ನೂ ಪೂರ್ತಿ ಕೂತಿಲ್ಲ. ಬಲಕ್ಕೆ ತಿರುಗಿದರೆ ಗಾಳಿ ಸಿಗುತ್ತದೆ, ಎಡಕ್ಕೆ ತಿರುಗಿದರೆ ನೀರು. ಸದ್ಯಕ್ಕೆ ಬಲಕ್ಕೇ ತಿರುಗುತ್ತಿದ್ದೇನೆ. ಎರಡೂ ಕಡೆ ಕಲಿಯಲೇಬೇಕು ಎಂದು ಮೇಡಂ ಗದರುತ್ತಲೇ ಇದ್ದಾರೆ.