ಪಾಚಿಯಿಂದ ಎಥೆನಾಲ್: ಎರಡನೇ ಪ್ರಯತ್ನದ ಟಿಪ್ಪಣಿ

ದಿನ 1

ಮೊದಲ ಸಲ ಬೆಳೆಸಿದ್ದ ಪಾಚಿ ಕೈಗೆ ಸಿಗಲಿಲ್ಲ. ದಟ್ಟ ಹಸಿರಾಗಿದ್ದ ನೀರು ಎರಡೇ ದಿನದಲ್ಲಿ ತಿಳಿಯಾಗಿಬಿಟ್ಟಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತುಂಬಾ ರೋಟಿಫರ್‌ಗಳು! ಪಾಚಿ ತಿನ್ನುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅವು. ಅಲ್ಲಿವರೆಗೆ ನಾನು ಬೆಳೆಸಿದ್ದು ಅವುಗಳ ಊಟ ಅಂತಾಯಿತು.

ಈ ಸಲ ಡಬ್ಬಿ, ಪೈಪು ಎಲ್ಲ ಬ್ಲೀಚಿನಲ್ಲಿ ತೊಳೆದು, ನೀರು ಕುದಿಸಿ ಆರಿಸಿದ ಮೇಲೇ ಬೀಜ, ಅಂದರೆ ಸ್ವಲ್ಪ ಜೀವಂತ ಪಾಚಿ, ಹಾಕಿದ್ದೇನೆ. ಜಾತಿ ಕ್ಲೋರೆಲ್ಲಾ ವಲ್ಗಾರಿಸ್. 20 ಲೀಟರಿನ ಎರಡು ಡಬ್ಬಿ, 24 ವ್ಯಾಟಿನ ಎಲ್‌ಇಡಿ, ದಿನಕ್ಕೆ 16 ಗಂಟೆ ಬೆಳಕು. ಗೊಬ್ಬರದ ನೀರು ಬಿಜಿ-11. ಅದರಲ್ಲಿ ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಇರಬೇಕು, ನಾನು ಬೇಕೆಂದೇ 0.3 ಗ್ರಾಂ ಹಾಕಿದೆ. ಪಾಚಿಗೆ ಸಾರಜನಕ ಸಿಗುವುದು ಇದರಿಂದಲೇ. ಸಾರಜನಕ ಮುಗಿದರೆ ಪಾಚಿಗೆ ಹೊಸ ಪ್ರೋಟೀನ್ ಮಾಡಲು ಆಗುವುದಿಲ್ಲ. ಆದರೆ ಬೆಳಕು ಬೀಳುತ್ತಲೇ ಇರುತ್ತದಲ್ವಾ? ಸಿಕ್ಕಿದ ಇಂಗಾಲವನ್ನು ಪಿಷ್ಟ ಮಾಡಿ ಕೂಡಿಡುತ್ತದೆ. ನನಗೆ ಬೇಕಿರುವುದು ಆ ಪಿಷ್ಟ: ಅದನ್ನು ಸಕ್ಕರೆ ಮಾಡಿ, ಯೀಸ್ಟ್ ಹಾಕಿ ಹುದುಗಿಸಿದರೆ ಎಥೆನಾಲ್, ಅಂದರೆ ಉರಿಸಬಹುದಾದ ಆಲ್ಕೋಹಾಲ್.

ದಿನ 23

ಹಸಿರು ಹಳದಿಗೆ ತಿರುಗಿದೆ. ಒಳ್ಳೆಯ ಲಕ್ಷಣ. ಪಿಷ್ಟ ಇದ್ದರೆ ಅಯೋಡಿನ್ ಕಪ್ಪು ನೀಲಿ ಆಗುತ್ತದೆ. ಹಾಕಿದೆ, ಏನೂ ಕಾಣಲಿಲ್ಲ, ಪಾಚಿಯ ಬಣ್ಣವೇ ಎಲ್ಲ ಮುಚ್ಚಿಬಿಡುತ್ತದೆ. ಬಿಸಿ ಸ್ಪಿರಿಟ್‌ನಲ್ಲಿ (ಅದೂ ಹೆಚ್ಚಾಗಿ ಎಥೆನಾಲೇ) ಬಣ್ಣ ತೆಗೆದು ಮತ್ತೆ ಹಾಕಿದಾಗ ಕಪ್ಪು ನೀಲಿ ಬಂತು.

ದಿನ 30

ಕೊಯ್ಲು. ಇಡೀ ಕೆಲಸದಲ್ಲಿ ನನ್ನ ತಾಳ್ಮೆ ತಿಂದಿದ್ದು ಇದೇ. ಬಟ್ಟೆಯಲ್ಲಿ ಸೋಸಲು ನೋಡಿದೆ, ಹಸಿರು ನೀರು ಹಾಗೇ ಇಳಿದು ಹೋಯಿತು. ಒಂದೊಂದು ಕೋಶ 2ರಿಂದ 10 ಮೈಕ್ರಾನ್ ಮಾತ್ರ, ಬಟ್ಟೆಯಲ್ಲಿ ಎಲ್ಲಿ ನಿಲ್ಲಬೇಕು! ಕೊನೆಗೆ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ ಅನ್ನು 11ಕ್ಕೆ ಏರಿಸಿದೆ. ನೀರಿನಲ್ಲಿರುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಇಳಿಯುವಾಗ ಕೋಶಗಳನ್ನೂ ಎಳೆದುಕೊಂಡು ಹೋಯಿತು. ಮೇಲಿನ ನೀರು ಸೈಫನ್‌ನಲ್ಲಿ ತೆಗೆದು, ಉಳಿದದ್ದನ್ನು ಒಣಗಿಸಿದೆ. 40 ಲೀಟರಿಗೆ 17 ಗ್ರಾಂ. ಅದರಲ್ಲೂ ಸ್ವಲ್ಪ ಮೆಗ್ನೀಸಿಯಂ ಪುಡಿ ಸೇರಿದೆ.

ದಿನ 32

ಯೀಸ್ಟ್ ಪಿಷ್ಟವನ್ನು ನೇರವಾಗಿ ತಿನ್ನುವುದಿಲ್ಲ, ಗ್ಲೂಕೋಸ್ ಮಾಡಿಕೊಡಬೇಕು. 2% ಸಲ್ಫ್ಯೂರಿಕ್ ಆಮ್ಲದಲ್ಲಿ ಪಾಚಿ ಕಲಸಿ, ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಸಡಿಲವಾಗಿಟ್ಟು, ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿದೆ. ಜಾಸ್ತಿ ಬೇಯಿಸಿದರೆ ಸಕ್ಕರೆಯೇ ಕೆಟ್ಟು ಯೀಸ್ಟಿಗೆ ಆಗದ ವಸ್ತುಗಳಾಗುತ್ತವೆ. ಆಮ್ಲ ತಗ್ಗಿಸಲು ಸೀಮೆಸುಣ್ಣದ ಪುಡಿ ಹಾಕುವವನಿದ್ದೆ. ಆದರೆ ಕರಗದೆ ಉಳಿದ ಪುಡಿ ಹುದುಗುವಾಗ ತಾನೇ ಕಾರ್ಬನ್ ಡೈಆಕ್ಸೈಡ್ ಬಿಟ್ಟು ನನ್ನ ಲೆಕ್ಕ ಕೆಡಿಸುತ್ತದೆ. ಅದಕ್ಕೆ ಮತ್ತೆ ಕಾಸ್ಟಿಕ್ ಸೋಡಾನೇ. ಪಿಎಚ್ 5ಕ್ಕೆ ತಂದು ಯೀಸ್ಟ್ ಹಾಕಿ, 30 ಡಿಗ್ರಿಯಲ್ಲಿ ಇಟ್ಟೆ.

ದಿನ 36

ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸುವುದು ಎಷ್ಟೋ ಕಡೆ ಅಪರಾಧ. ಹಾಗಾಗಿ ನಾನು ಇಳಿಸಲಿಲ್ಲ, ಬಾಟಲಿಯ ತೂಕ ಎಷ್ಟು ಇಳಿಯಿತು ಅಂತ ನೋಡಿದೆ. 180 ಗ್ರಾಂ ಗ್ಲೂಕೋಸ್ ಹುದುಗಿದರೆ 92 ಗ್ರಾಂ ಎಥೆನಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್. ಗಾಳಿಗೆ ಹೋದದ್ದು ಎಷ್ಟು ಅಂತ ಗೊತ್ತಾದರೆ ಒಳಗೆ ಉಳಿದದ್ದೂ ಗೊತ್ತಾಗುತ್ತದೆ. ಪಕ್ಕದಲ್ಲಿ ಸುಮ್ನೆ ಯೀಸ್ಟ್ ಮತ್ತು ನೀರು ಹಾಕಿದ ಇನ್ನೊಂದು ಬಾಟಲಿ ಇಟ್ಟಿದ್ದೆ. ಅದರಲ್ಲಿ ಇಳಿದ ತೂಕ ಕಳೆದರೆ 1.3 ಗ್ರಾಂ. ಅಂದರೆ ಎಥೆನಾಲ್ ಸುಮಾರು 1.36 ಗ್ರಾಂ, 1.7 ಮಿಲಿಲೀಟರ್.

ಒಂದು ಗ್ರಾಂ ಎಥೆನಾಲ್ ಉರಿದರೆ 26.8 ಕಿಲೋಜೂಲ್. ನನ್ನ ಒಟ್ಟು ಫಸಲು 10 ವ್ಯಾಟ್-ಗಂಟೆ ಅಷ್ಟೇ. ದೀಪವೊಂದಕ್ಕೇ 11,520 ವ್ಯಾಟ್-ಗಂಟೆ ಕರೆಂಟು ಹೋಗಿದೆ. ಏರ್ ಪಂಪು, ಕುಕ್ಕರಿನ ಲೆಕ್ಕ ಬೇರೆ. ಹುದುಗಿಸುವುದು ಕಷ್ಟವೇ ಅಲ್ಲ. ತಲೆನೋವೆಲ್ಲ ಬೆಳಕು ಕೊಡುವುದು ಮತ್ತು ಪಾಚಿಯಿಂದ ನೀರು ತೆಗೆಯುವುದು.

ಮುಂದಿನ ಸಲ ದೀಪ ಇಲ್ಲ, ಡಬ್ಬಿಗಳು ಬಿಸಿಲಿಗೆ. ಅಯೋಡಿನ್ ಪರೀಕ್ಷೆಯೂ ಒಂದೇ ಸಲ. ಬಣ್ಣ ತೆಗೆಯಲು ಈ ಸಲ ಖರ್ಚಾದ ಸ್ಪಿರಿಟ್ ಅಳೆದು ನೋಡಿದೆ: 60 ಮಿಲಿಲೀಟರ್.