ಎಲ್ಲರೂ ನಕ್ಕಾಗ ನಾನೂ ನಗ್ತೀನಿ

16 ನವೆಂಬರ್ 2025, ಭಾನುವಾರ ರಾತ್ರಿ

ಬಾಡಿಗೆ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದಾಯಿತು. ಪಾತ್ರೆ ನಾಳೆಗೆ. ಇವರು ಆಗಲೇ ಗೊರಕೆ ಶುರು ಮಾಡಿದ್ದಾರೆ. ನನಗೆ ನಿದ್ದೆ ಬರ್ತಿಲ್ಲ, ಕಿವಿಯೊಳಗೆ ಜನ ಇನ್ನೂ ಮಾತಾಡ್ತಾನೇ ಇದ್ದಾರೆ.

ಹೊಸ ಮನೆ ಪಾರ್ಟಿ ಹೇಗಾಯ್ತು ಅಂತ ಕೇಳುವವರಿಗೆ: ಚೆನ್ನಾಗಾಯ್ತು. ಬರ್ತೀವಿ ಅಂದವರೆಲ್ಲ ಬಂದರು, ಬರೋದು ಕಷ್ಟ ಅಂದವರೂ ಬಂದರು. ಊಟ ಸಾಲದೆ ಹೋಗಲಿಲ್ಲ. ಹೊಸ ಮನೆ ನೋಡೋಕೆ ಬರುವವರದ್ದೆಲ್ಲ ಒಂದೇ ಸ್ವಭಾವ. ಗೋಡೆ ತಟ್ಟಿ ನೋಡ್ತಾರೆ, ನಲ್ಲಿ ತಿರುಗಿಸಿ ನೋಡ್ತಾರೆ, ಹೊರಡುವ ಮುಂಚೆ ಇನ್ನು ಬದಲಾಯಿಸೋಕೆ ಆಗದೇ ಇರುವ ಯಾವುದಾದರೂ ಒಂದರ ಬಗ್ಗೆ ಸಲಹೆ ಕೊಟ್ಟು ಹೋಗ್ತಾರೆ. "ಈ ಕಿಟಕಿ ಆ ಗೋಡೆಗಿದ್ದಿದ್ರೆ ಇನ್ನೂ ಬೆಳಕು ಬರ್ತಿತ್ತು." ಹೌದು, ಬರ್ತಿತ್ತು. ಅತ್ತಿಗೆ ಅಡುಗೆಮನೆಯ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿ ಮುಚ್ಚಿದರು. ಬೆಳಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿದ್ದ ಕೊನೆಯ ಡ್ರಾಯರನ್ನೂ ಬಿಡಲಿಲ್ಲ. ಮುಖದಲ್ಲಿ ಏನೂ ತೋರಿಸಲಿಲ್ಲ ಅನ್ನೋದು ಅವರ ದೊಡ್ಡತನ. ಇನ್ನು ಹಾಲಿನಲ್ಲಿ ಅಷ್ಟು ಕುರ್ಚಿ ಹಾಕಿದ್ದರೂ ಅರ್ಧ ಜನ ಅಡುಗೆಮನೆಯಲ್ಲೇ ನಿಂತಿದ್ದರು. ಅದ್ಯಾಕೋ.

ಬರೀಬೇಕು ಅನ್ನಿಸಿದ್ದು ಇದಲ್ಲ, ಚಿಕ್ಕಪ್ಪನ ವಿಷಯ.

ಊಟಕ್ಕೆ ಕೂರಿಸೋ ಹೊತ್ತಿಗೆ ಚಿಕ್ಕಪ್ಪ ಕಾಣಲಿಲ್ಲ. ಚಿಕ್ಕಮ್ಮನ್ನ ಕೇಳಿದರೆ "ಇಲ್ಲೇ ಎಲ್ಲೋ ಇರ್ತಾರೆ ಬಿಡು" ಅಂದರು, ತಿರುಗಿ ಕೂಡ ನೋಡದೆ. ಬಾಲ್ಕನಿಯಲ್ಲಿಲ್ಲ, ಹೊರಗೆ ಚಪ್ಪಲಿ ಇದೆ. ಕೊನೆಗೆ ಸಿಕ್ಕಿದ್ದು ಹಿಂದಿನ ರೂಮಿನಲ್ಲಿ. ಆ ರೂಮನ್ನು ಯಾರಿಗೂ ತೋರಿಸಬಾರದು ಅಂತಲೇ ಬಾಗಿಲು ಮುಚ್ಚಿದ್ದೆ. ಬಿಚ್ಚದ ಪೆಟ್ಟಿಗೆಗಳು, ಗೋಡೆಗೆ ಒರಗಿಸಿದ ಹಾಸಿಗೆಗಳು, ಹಳೇ ಬೆಡ್‌ಶೀಟಿನಲ್ಲಿ ಕಟ್ಟಿದ ಬಟ್ಟೆ ಗಂಟುಗಳು. ಇವೆಲ್ಲದರ ಮಧ್ಯೆ 'ಪುಸ್ತಕ' ಅಂತ ಬರೆದಿದ್ದ ಪೆಟ್ಟಿಗೆ ಮೇಲೆ ಚಿಕ್ಕಪ್ಪ ಆರಾಮಾಗಿ ಕೂತಿದ್ದರು.

"ಏನು ಚಿಕ್ಕಪ್ಪ, ಇಲ್ಲಿ?"

"ಬಾ ಬಾ. ನಿನ್ನ ಮನೇಲಿ ಚೆನ್ನಾಗಿರೋ ರೂಮು ಇದೊಂದೇ ಕಣೇ."

ಇಷ್ಟು ವರ್ಷ ಹಣ ಕೂಡಿಸಿ, ಟೈಲ್ಸ್ ಬಣ್ಣಕ್ಕೆ ತಿಂಗಳುಗಟ್ಟಲೆ ಜಗಳ ಆಡಿ ಕಟ್ಟಿದ ಮನೆ. ಅದರಲ್ಲಿ ಇವರಿಗೆ ಹಿಡಿಸಿದ್ದು ಈ ಗೋಡೌನು! ನನ್ನ ಮುಖ ಸಪ್ಪಗಾಗಿದ್ದು ಅವರಿಗೆ ಕಂಡಿರಬೇಕು, ನಕ್ಕರು.

"ಅಲ್ವೇ, ನೀನು ಈಗ ಏನೋ ಕೇಳಿದೆಯಲ್ಲ, ಅದು ನನಗೆ ಕೇಳಿಸ್ತು. ಹಾಲ್‌ನಲ್ಲಿ ನೀನು ಎಷ್ಟು ಸಲ ಮಾತಾಡಿಸಿದೆ ಗೊತ್ತಾ? ಒಂದೂ ಕೇಳಿಸಿಲ್ಲ."

"ಮತ್ತೆ ಹೂಂ ಹೂಂ ಅಂದ್ರಿ?"

"ಹೂಂ ಅಂದ್ರೆ ಬಹಳ ಕಡೆ ನಡೆಯತ್ತೆ."

ಕಿವಿಯ ಮಿಷನ್ನು ಅಂಗಿ ಜೇಬಲ್ಲಿತ್ತು. ಯಾಕೆ ತೆಗೆದಿಟ್ರಿ ಅಂತ ಕೇಳಿದ್ದಕ್ಕೆ, "ಅದನ್ನ ಹಾಕ್ಕೊಂಡ್ರೆ ಎಲ್ಲಾ ಜೋರಾಗತ್ತೆ. ಮಾತೂ ಜೋರು, ತಟ್ಟೆ ಸದ್ದೂ ಜೋರು, ಆ ಕುರ್ಚಿ ಎಳೀತಾರಲ್ಲ ಅದು ಇನ್ನೂ ಜೋರು. ನನಗೆ ಯಾವುದು ಬೇಕು ಅಂತ ಅದಕ್ಕೇನು ಗೊತ್ತು ಪಾಪ" ಅಂದರು. ಮಿಷನ್ನಿನ ಮೇಲೂ ಅವರಿಗೆ ಕನಿಕರ.

ಊಟಕ್ಕೆ ಕರೆಯೋಕೆ ಬಂದವಳು ಬಾಗಿಲು ಹಾಕಿಕೊಂಡು ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟೆ. ಬೆಳಗ್ಗೆಯಿಂದ ಕೂತಿರಲಿಲ್ಲ ಅನ್ನೋದೂ ಒಂದು ಕಾರಣ.

ಅವರು ಹೇಳ್ತಾ ಹೋದರು. ಜನ ಅಂದ್ಕೊಳ್ಳೋದು ಕಿವುಡು ಅಂದರೆ ಸದ್ದೇ ಕೇಳಿಸಲ್ಲ ಅಂತ. ಅವರಿಗೆ ಸದ್ದು ಕೇಳಿಸತ್ತೆ. ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗತ್ತೆ, ಯಾರು ಅಂತಲೂ ಗೊತ್ತಾಗತ್ತೆ, ಏನು ಅಂತ ಮಾತ್ರ ಗೊತ್ತಾಗಲ್ಲ. "ಕಾಯಿ, ತಾಯಿ, ನಾಯಿ, ಬಾಯಿ, ನನಗೆ ನಾಲ್ಕೂ ಒಂದೇ. ಆಯಿ ಅಂತ ಕೇಳತ್ತೆ. ಮಿಕ್ಕಿದ್ದು ನಾನೇ ಸೇರಿಸ್ಕೋಬೇಕು." ವಯಸ್ಸಾದ ಮೇಲೆ ಮೊದಲು ಹೋಗೋದು ತೀಕ್ಷ್ಣವಾದ ಸದ್ದುಗಳು ಅಂತ ಅವರ ಡಾಕ್ಟರು ವಿವರಿಸಿದ್ದಾರಂತೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗಿ, ಸ್ವರಗಳು ಉಳಿದುಕೊಳ್ಳುತ್ತವೆ. ಹಾಗಾಗಿ ಕಿರುಚಿ ಹೇಳಿದರೂ ಪ್ರಯೋಜನ ಕಡಿಮೆ. ಕಿರುಚಿದಾಗ ದೊಡ್ಡದಾಗೋದು ಆ 'ಆ'ಕಾರವೇ, 'ಕ'ಕಾರ ಇದ್ದಲ್ಲೇ ಇರತ್ತೆ. "ನಿಮ್ಮ ಚಿಕ್ಕಮ್ಮ ಕಿರುಚ್ತಾಳಲ್ಲ, ನನಗೆ ಅವಳು ಸಿಟ್ಟಾಗಿದ್ದಾಳೆ ಅಂತ ಮಾತ್ರ ತಿಳಿಯತ್ತೆ."

ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಅದೂ ಲೆಕ್ಕಾಚಾರವೇ. ಎದುರಿಗೆ ಕೂತವರ ಮುಖದ ಮೇಲೆ ಬೆಳಕು ಬಿದ್ದರೆ ತುಟಿ ಕಾಣತ್ತೆ. ಕಿಟಕಿ ಬೇರೆಯವರ ಹಿಂದಿದ್ದರೆ ಮುಖ ಬರೀ ಕಪ್ಪು. ಮದುವೆ ಮನೆಗೆ ಹೋದರೆ ಮೊದಲು ಹುಡುಕೋದು ಇಂಥ ಜಾಗವನ್ನಂತೆ, ಆಮೇಲೆ ಮದುಮಕ್ಕಳನ್ನ.

ಅಷ್ಟರಲ್ಲಿ ಹಾಲ್ ಕಡೆಯಿಂದ ಘೊಳ್ಳನೆ ನಗು ಬಂತು. ಬಾಗಿಲು ಮುಚ್ಚಿದ್ದರೂ ಇಲ್ಲಿಗೆ ಕೇಳಿಸುವಷ್ಟು. ಚಿಕ್ಕಪ್ಪ ತಕ್ಷಣ ನಕ್ಕರು. ಬರೀ ತುಟಿಯಲ್ಲಲ್ಲ, ಭುಜ ಕುಣಿಸಿಕೊಂಡು, ಯಾವಾಗಲೂ ನಗ್ತಾರಲ್ಲ ಹಾಗೆ. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು.

"ಅಭ್ಯಾಸ ಆಗ್ಬಿಟ್ಟಿದೆ ಕಣೇ. ಎಲ್ಲರೂ ನಕ್ಕಾಗ ನಾನೂ ನಗ್ತೀನಿ. ಯಾಕೆ ಅಂತ ಗೊತ್ತಿರಲ್ಲ."

ಏನು ಹೇಳಬೇಕೋ ಗೊತ್ತಾಗಲಿಲ್ಲ. ನಮ್ಮ ಮನೆಯ ಎಲ್ಲಾ ಸಮಾರಂಭದ ಫೋಟೋಗಳಲ್ಲಿ ಅತಿ ಚೆನ್ನಾಗಿ ನಗ್ತಿರೋದು ಚಿಕ್ಕಪ್ಪನೇ. ಮಗಳ ಹುಟ್ಟುಹಬ್ಬದ್ದು, ಅಣ್ಣನ ಮದುವೆಯದು... ಅವುಗಳಲ್ಲಿ ಯಾವುದು ಗೊತ್ತಿದ್ದು ನಕ್ಕಿದ್ದು? ಕೇಳಲಿಲ್ಲ.

"ಹಾಗಾದ್ರೆ ಯಾಕೆ ಬರ್ತೀರಿ ಚಿಕ್ಕಪ್ಪ, ಇಷ್ಟು ಕಷ್ಟ ಪಟ್ಕೊಂಡು?"

"ಮನೆ ನೋಡೋಕೆ ಕಿವಿ ಬೇಕೇನೇ?"

ಮಗಳು ನನ್ನನ್ನ ಹುಡುಕಿಕೊಂಡು ಬಂದಳು, ಯಾರೋ ಹೊರಟಿದ್ದಾರೆ ಅಂತ. ಬಂದವಳು ಹೋಗಲಿಲ್ಲ, ಅವಳೂ ಕೂತಳು. (ಹೊರಟವರು ಆಮೇಲೆ ನನ್ನ ಮೇಲೆ ಸ್ವಲ್ಪ ಬೇಜಾರು ಮಾಡ್ಕೊಂಡೇ ಹೋದರು. ಇರಲಿ.) ಆರ್ಕಿಟೆಕ್ಚರ್ ಓದೋ ಹುಡುಗಿಗೆ ಇಂಥ ವಿಷಯ ಸಿಕ್ಕರೆ ಬಿಡ್ತಾಳಾ. ಹಾಲ್‌ನಲ್ಲಿ ಯಾಕೆ ಕೇಳಿಸಲ್ಲ ಅಂತ ತಾತನಿಗೆ ನಿಧಾನವಾಗಿ, ಮುಖ ಎದುರಿಟ್ಟು ಹೇಳಿದಳು. ಹಾಗೆ ಹೇಳಬೇಕು ಅಂತ ಅವಳಿಗೆ ಯಾರು ಕಲಿಸಿದರೋ.

ಹಾಲ್‌ನಲ್ಲಿ ಸೋಫಾ ಇಲ್ಲ, ಪರದೆ ಇಲ್ಲ, ಕೆಳಗೆ ಹಾಸಿಲ್ಲ. ಬರೀ ಗೋಡೆ, ಟೈಲ್ಸು, ಗಾಜು. ಆಡಿದ ಮಾತು ಅಲ್ಲೇ ಬಡಿದು ಬಡಿದು ಸುತ್ತುತ್ತೆ, ಒಂದು ಪದದ ಬಾಲ ಮುಂದಿನ ಪದದ ತಲೆ ಮೇಲೆ ಬೀಳುತ್ತೆ. ಈ ರೂಮಿನಲ್ಲಿ ಹಾಸಿಗೆ, ಬಟ್ಟೆ ಗಂಟು ಎಲ್ಲಾ ಅದನ್ನ ಹೀರಿಕೊಳ್ಳುತ್ತವೆ. 1895ರಲ್ಲಿ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸದ ಹಾಲ್‌ನಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ಅರ್ಥ ಆಗ್ತಿರಲಿಲ್ಲವಂತೆ. ಸರಿ ಮಾಡು ಅಂತ ವಾಲೆಸ್ ಸಬೈನ್ ಅನ್ನೋ ಹುಡುಗ ಮೇಷ್ಟ್ರಿಗೆ ಹೇಳಿದರು. ಆತ ರಾತ್ರಿ ಹೊತ್ತು ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನ ಹೊತ್ತು ತಂದು ಹಾಕಿ, ಒಂದಿಷ್ಟು ದಿಂಬು ಹಾಕಿದರೆ ಸದ್ದು ಎಷ್ಟು ಬೇಗ ಅಡಗತ್ತೆ, ಇನ್ನಷ್ಟು ಹಾಕಿದರೆ ಎಷ್ಟು ಅಂತ ಅಳೆದ. ಅಳತೆಗೆ ಮಾನ ಬೇಕಲ್ಲ, ಅದಕ್ಕೆ ಆತ ಇಟ್ಟುಕೊಂಡಿದ್ದು ತೆರೆದ ಕಿಟಕಿ. ಕಿಟಕಿಯಿಂದ ಹೊರಗೆ ಹೋದ ಸದ್ದು ವಾಪಸ್ ಬರಲ್ಲ, ಅಷ್ಟೇ. ಇಂಥ ಗೋಡೆ ಇಷ್ಟು ಕಿಟಕಿಗೆ ಸಮ, ಇಂಥ ದಿಂಬು ಇಷ್ಟು ಕಿಟಕಿಗೆ ಸಮ.

"ಮನುಷ್ಯರನ್ನೂ ಅಳೆದಿದ್ದಾನೆ ತಾತ. ನೀವು ಕೂತಿದ್ರೆ ನೀವೂ ಸದ್ದು ಹೀರ್ಕೋತೀರಿ."

"ಹೀರ್ಕೋತಿದೀನಲ್ಲ, ಹೊರಗೆ ಬಿಡೋದೇ ಇಲ್ಲ" ಅಂದರು ಚಿಕ್ಕಪ್ಪ.

ಹಾಗಾದ್ರೆ ಜನ ತುಂಬಿದಷ್ಟೂ ಚೆನ್ನಾಗಿ ಕೇಳಬೇಕಲ್ಲ ಅಂತ ನಾನು ಕೇಳಿದೆ. ಅಲ್ಲೇ ಇರೋದು ಅಂದಳು. ಸುತ್ತ ಸದ್ದಿದ್ದರೆ ನಮಗೇ ಗೊತ್ತಿಲ್ಲದೆ ದನಿ ಏರಿಸ್ತೀವಿ. ಫ್ರಾನ್ಸಿನ ಲೊಂಬಾರ್ ಅನ್ನೋ ಕಿವಿ ಡಾಕ್ಟರು 1911ರಲ್ಲೇ ಇದನ್ನ ಗುರುತಿಸಿದ್ದ. ಪಕ್ಕದ ಗುಂಪು ಜೋರಾಯ್ತು ಅಂತ ನಾವು ಜೋರು, ನಾವು ಜೋರಾದ್ವಿ ಅಂತ ಅವರು. ಅಷ್ಟು ಗಲಾಟೆಯಲ್ಲೂ ಒಬ್ಬರ ಮಾತನ್ನ ಹೆಕ್ಕಿಕೊಳ್ಳೋ ಶಕ್ತಿ ನಮಗಿದೆ. ಕಾಲಿನ್ ಚೆರ್ರಿ ಅನ್ನೋರು 1953ರಲ್ಲಿ ಜನರ ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ ಪರೀಕ್ಷೆ ಮಾಡಿದ್ರಂತೆ. ಒಂದು ಕಿವಿಯದ್ದನ್ನ ಗಮನ ಇಟ್ಟು ಕೇಳ್ತಿದ್ದವರಿಗೆ, ಇನ್ನೊಂದು ಕಿವಿಯ ಮಾತು ಇಂಗ್ಲಿಷಿನಿಂದ ಜರ್ಮನ್‌ಗೆ ಬದಲಾಗಿದ್ದೂ ತಿಳೀಲಿಲ್ಲ!

ಚಿಕ್ಕಪ್ಪನಿಗೆ ಹೋಗಿರೋದು ಈ ಹೆಕ್ಕಿಕೊಳ್ಳೋದು. ಅದು ಮಿಷನ್ನು ಹಾಕಿದರೂ ಪೂರ್ತಿ ವಾಪಸ್ ಬರಲ್ಲ. ಮಗಳು ಇದನ್ನ ಅವರ ಮುಂದೇನೇ ಹೇಳಿಬಿಟ್ಟಳು. ನಾನು ಅವಳ ಕೈ ಚಿವುಟಿದೆ. ಚಿಕ್ಕಪ್ಪ ಮಾತ್ರ, "ಸರಿಯಾಗಿ ಹೇಳಿದೆ ನೋಡು, ನಿಮ್ಮಜ್ಜಿಗೆ ಇದನ್ನ ಹೇಳು. ನಾನು ಬೇಕೂಂತ ಕೇಳಿಸ್ಕೊಳ್ಳಲ್ಲ ಅಂತಾಳೆ" ಅಂದು ಎದ್ದರು. ಹಸಿವಾಗಿತ್ತು.

ಆಮೇಲೆ ಊಟ, ಫೋಟೋ, ಎಲ್ಲರನ್ನೂ ಕಳಿಸಿದ್ದು. ಫೋಟೋ ಹೊತ್ತಿನಲ್ಲಿ ಯಾರೋ ಏನೋ ಜೋಕ್ ಹೇಳಿದರು. ನಾನು ನಗೋದು ಬಿಟ್ಟು ಚಿಕ್ಕಪ್ಪನ್ನ ನೋಡ್ತಿದ್ದೆ. ಫೋಟೋದಲ್ಲಿ ಎಲ್ಲರೂ ಮುಂದೆ ನೋಡ್ತಿದ್ದಾರೆ, ನಾನೊಬ್ಬಳು ಪಕ್ಕಕ್ಕೆ.

ಪರದೆ ಈ ವಾರವೇ ಹಾಕಿಸಬೇಕು. ದಪ್ಪದ್ದು. ಇವರು ಬೆಳಕು ಹೋಗತ್ತೆ, ತೆಳ್ಳಗಿರೋದು ಸಾಕು ಅಂತಿದ್ದರು. ಇನ್ನು ಆ ವಾದ ನಡೆಯಲ್ಲ. ಕುರ್ಚಿ ಕಾಲಿಗೆ ರಬ್ಬರ್ ಬೂಟು ಹಾಕಿದರೆ ಎಳೆಯೋ ಸದ್ದಾದರೂ ಹೋಗತ್ತೆ. ಹಾಲ್‌ಗೆ ಒಂದು ಜಮಖಾನ. ಆದರೆ ಜಮಖಾನ ಹಾಸಿದರೆ ಚಿಕ್ಕಮ್ಮ ಎಡವ್ತಾರೆ, ಅವರಿಗೆ ಮೊಣಕಾಲು. ಒಬ್ಬರ ಕಿವಿಗೆ ಮಾಡೋಕೆ ಹೋದರೆ ಇನ್ನೊಬ್ಬರ ಕಾಲಿಗೆ ತೊಂದರೆ.

ಮಲಗೋಕೆ ಹೋಗುವಾಗ ಮಗಳು ಇನ್ನೊಂದು ಹೇಳಿದಳು. ಒಂದು ಮಾತುಕತೆಯಲ್ಲಿ ಸಾಮಾನ್ಯವಾಗಿ ನಾಲ್ಕು ಜನಕ್ಕಿಂತ ಹೆಚ್ಚು ಹಿಡಿಯಲ್ಲ, ಐದನೆಯವರು ಬಂದರೆ ಅದು ಎರಡಾಗಿ ಒಡೆಯತ್ತೆ ಅಂತ ರಾಬಿನ್ ಡನ್ಬಾರ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತವರ ಜೊತೆಯವರು 1995ರಲ್ಲಿ ಬರೆದಿದ್ದಾರಂತೆ. ಇವತ್ತು ಕಣ್ಣಾರೆ ನೋಡಿದ್ದೇ ಅದು. ಎಲ್ಲರನ್ನೂ ಸೇರಿಸಿ ದೊಡ್ಡ ವೃತ್ತ ಮಾಡಿ ಕುರ್ಚಿ ಹಾಕಿದ್ದೆ. ಸ್ವಲ್ಪ ಹೊತ್ತಿಗೇ ಅದು ಚೂರು ಚೂರಾಗಿ, ಒಬ್ಬೊಬ್ಬರೂ ಕುರ್ಚಿ ಎಳೆದುಕೊಂಡು ತಮ್ಮ ತಮ್ಮ ಗುಂಪು ಮಾಡಿಕೊಂಡಿದ್ದರು.

ಹಾಗಾದರೆ ಮುಂದಿನ ಸಲ ನಾಲ್ಕು ನಾಲ್ಕು ಜನರನ್ನೇ ಕರೆದರೆ? ಮೊದಲ ಸಲ ಚಿಕ್ಕಪ್ಪ, ಚಿಕ್ಕಮ್ಮ, ನಾನು, ಇವರು. ಆಗ ಮಗಳು ಐದನೆಯವಳಾಗ್ತಾಳೆ, ಅವಳನ್ನ ಬಿಟ್ಟರೆ ಚಿಕ್ಕಪ್ಪ ಒಪ್ಪಲ್ಲ. ಇವರನ್ನ ಟಿವಿ ಮುಂದೆ ಕೂರಿಸಬಹುದು, ಖುಷಿಯಾಗಿರ್ತಾರೆ. ಆದರೆ ಚಿಕ್ಕಪ್ಪನ ಮನೆಯವರನ್ನ ಮಾತ್ರ ಮತ್ತೆ ಕರೆದಿದ್ದು ಅತ್ತಿಗೆಗೆ ಗೊತ್ತಾದರೆ, ಗೊತ್ತಾಗೇ ಆಗತ್ತೆ, ಆಮೇಲೆ ಅವರನ್ನೂ ಕರೀಬೇಕು, ಅವರನ್ನ ಕರೆದರೆ ಅವರ ತಂಗಿ...